ಏಳು ಗಂಟೆಯ ಊಟ

ಬೆಳಕು ಹರಿಯುವುದಕ್ಕೆ ಮೊದಲು ವಿದ್ಯಾವತಿ ಮಾಡಿ ಮುಗಿಸುವ ಕೆಲಸಗಳು ಇವು. ನಾಲ್ಕೂವರೆಗೆ ಎದ್ದು ಕೌದಿ ಮಡಿಚಿ ಇಡುವುದು. ಅಂಗಳ ಗುಡಿಸಿ ನೀರು ಹೊಡೆಯುವುದು. ಎಮ್ಮೆಯ ಕೆಳಗಿನ ಸೆಗಣಿ ಬಳಿದು ತಿಪ್ಪೆಗೆ ಹಾಕಿ ಬರುವುದು, ಮೇವು ಹಾಕುವುದು, ಹಾಲು ಹಿಂಡುವುದು. ಬಚ್ಚಲ ಒಲೆಗೆ ದ್ರಾಕ್ಷಿ ತೋಟದ ಪಡದಿಂದ ತಂದ ಒಣ ಕಡ್ಡಿ ತುಂಬಿ ಎಲ್ಲರ ಸ್ನಾನಕ್ಕೆ ನೀರು ಕಾಯಲಿಡುವುದು. ನಳ ಬರುವ ದಿನವಾದರೆ ಒಂಬತ್ತು ಕೊಡ ನೀರು ತುಂಬುವುದು. ಅತ್ತೆಗೆ ಸಕ್ಕರೆ ಇಲ್ಲದ ಚಹಾ, ತನಗೆ ಸಕ್ಕರೆ ಹಾಕಿದ ಚಹಾ. ಜೋಳದ ಹಿಟ್ಟು ನಾದಿ ಇಪ್ಪತ್ತೆರಡು ರೊಟ್ಟಿ ಬಡಿಯುವುದು. ಬದನೆಕಾಯಿ ಇದ್ದರೆ ಬದನೆಕಾಯಿ, ಇಲ್ಲದಿದ್ದರೆ ಮಡಿಕೆ ಕಾಳಿನ ಪಲ್ಯ. ಮೈದುನನ ಬುತ್ತಿ ಕಟ್ಟುವುದು. ರೊಟ್ಟಿ ಬಡಿದ ಕಲ್ಲು ತೊಳೆದು ಗೋಡೆಗೆ ಆನಿಸುವುದು.

ಇಷ್ಟೂ ಆದ ಮೇಲೆ ಮೈದುನ ಸಂಗು ಮೈಮುರಿದು ಎದ್ದು ಹೊರಗೆ ಬಂದು "ಬೆಳಗಾತು" ಎನ್ನುತ್ತಾನೆ.

ತಿಕೋಟಾದ ಆ ಓಣಿಯಲ್ಲಿ ಇದೊಂದು ದೊಡ್ಡ ಸಂಗತಿಯೇನಲ್ಲ. ಎಡಮನೆಯಲ್ಲೂ ಬಲಮನೆಯಲ್ಲೂ ಇದೇ ಹೊತ್ತಿಗೆ ಇದೇ ರೊಟ್ಟಿ ಬಡಿಯುವ ಸದ್ದು. ದೊಡ್ಡ ಸಂಗತಿ ಇರುವುದು ದಿನದ ಇನ್ನೊಂದು ತುದಿಯಲ್ಲಿ. ಸಂಜೆ ಸರಿಯಾಗಿ ಏಳು ಗಂಟೆಗೆ ವಿದ್ಯಾವತಿ ಕೈಕಾಲು ತೊಳೆದು, ಗೋಡೆಗೆ ಬೆನ್ನು ಹಚ್ಚಿ, ಕಾಲು ಚಾಚಿ ಕೂರುತ್ತಾಳೆ. ಅತ್ತೆ ಗುರುಬಸವ್ವ ತಾವೇ ಅವಳ ತಾಟಿಗೆ ಬಿಸಿ ರೊಟ್ಟಿ ಹಾಕುತ್ತಾರೆ. ಮನೆಯ ಗಂಡಸು ಉಣ್ಣುವ ಮೊದಲು ಸೊಸೆ ಉಣ್ಣುತ್ತಾಳೆ, ಅದೂ ಬಿಸಿಬಿಸಿಯಾಗಿ, ಅದೂ ಅತ್ತೆಯ ಕೈಯಿಂದ ಬಡಿಸಿಕೊಂಡು. ಒಂಬತ್ತಕ್ಕೆ ಒಂದು ಗುಳಿಗೆ ನುಂಗುತ್ತಾಳೆ. ಆಮೇಲೆ ಯಾವ ಕೆಲಸವನ್ನೂ ಮುಟ್ಟುವುದಿಲ್ಲ.

ಈ ಏಳು ಗಂಟೆಯನ್ನು ಅವಳು ಯಾರಲ್ಲೂ ಕೇಳಿ ಪಡೆದದ್ದಲ್ಲ. ಕೇಳಿದ್ದರೆ ಸಿಗುತ್ತಲೂ ಇರಲಿಲ್ಲ. ಅದನ್ನು ತಂದುಕೊಟ್ಟದ್ದು ಎಚ್.ಐ.ವಿ.

ಕನಮಡಿಯ ಹುಡುಗಿ ವಿದ್ಯಾವತಿ ಇಪ್ಪತ್ತೊಂದಕ್ಕೆ ಈ ಮನೆಗೆ ಸೊಸೆಯಾಗಿ ಬಂದಳು. ಗಂಡ ಶಿವಯೋಗೆಪ್ಪ ದ್ರಾಕ್ಷಿ ಬಳ್ಳಿ ಕಸಿ ಮಾಡುವುದರಲ್ಲಿ ಪಳಗಿದ ಕೈ. ಹಂಗಾಮಿನಲ್ಲಿ ಮಹಾರಾಷ್ಟ್ರದ ತೋಟಗಳಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುತ್ತಿದ್ದ. ಒಂದು ಬೇಸಿಗೆ ಬಂದವನು ಜ್ವರ ಹೊತ್ತು ಬಂದ. ಜ್ವರ ಹೋಗಲಿಲ್ಲ. ವಿಜಯಪುರದ ದವಾಖಾನೆಗೆ ಹೋಗೋಣ ಎಂದರೆ "ಅಲ್ಲಿ ಹೋದ್ರ ಊರೆಲ್ಲಾ ತಿಳೀತೈತಿ" ಎಂದ. ಅವನಿಗೆ ಜ್ವರಕ್ಕಿಂತ ಊರು ದೊಡ್ಡದಾಗಿ ಕಂಡಿತು. ಕೊನೆಗೆ ಹೊತ್ತುಕೊಂಡು ಹೋದಾಗ ತಡವಾಗಿತ್ತು. ಅವನು ತೀರಿಕೊಂಡು ದಿನಕರ್ಮ ಮುಗಿದ ಮೇಲೆ ಗುರುಬಸವ್ವ ಸೊಸೆಯ ರಕ್ತ ಪರೀಕ್ಷೆ ಮಾಡಿಸಿದರು. ಅವಳಿಗೂ ಇತ್ತು.

ಆ ದಿನಗಳಲ್ಲಿ ಗುರುಬಸವ್ವ ಸೊಸೆಗೆ ಒಂದು ತಾಟು ಬೇರೆ ಇಟ್ಟರು. ಅಂಚು ಸೊಟ್ಟಗಾದ ಒಂದು ಸ್ಟೀಲಿನ ತಾಟು, ಒಂದು ಲೋಟ, ಒಂದು ಚಾಪೆ. ಆದರೆ ಇಪ್ಪತ್ತೆರಡು ರೊಟ್ಟಿ ಬಡಿಯುವವಳು ವಿದ್ಯಾವತಿಯೇ. ಅವಳು ಉಂಡ ತಾಟನ್ನು ಯಾರೂ ಮುಟ್ಟುವಂತಿರಲಿಲ್ಲ. ಅವಳು ಅಂಗೈಯಲ್ಲಿ ತಟ್ಟಿ, ಬೆರಳಲ್ಲಿ ನೀರು ಸವರಿ, ಹಂಚಿನ ಮೇಲೆ ಹಾಕಿದ ರೊಟ್ಟಿಯನ್ನು ಮಾತ್ರ ಎಲ್ಲರೂ ಹೊಟ್ಟೆ ತುಂಬ ಉಂಡರು. ಇದರಲ್ಲಿ ಏನೋ ಲೆಕ್ಕ ತಪ್ಪಿದೆ ಎಂದು ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ, ವಿದ್ಯಾವತಿಯೊಬ್ಬಳಿಗೆ ಬಿಟ್ಟು. ಅವಳು ಬಾಯಿ ತೆರೆಯಲಿಲ್ಲ. ಆಗ ಬಾಯಿ ತೆರೆಯುವ ಹೊತ್ತಾಗಿರಲಿಲ್ಲ.

ಒಮ್ಮೆ ಅತ್ತೆಯೂ ಜೊತೆಗೆ ದವಾಖಾನೆಗೆ ಬಂದಾಗ, ಅಲ್ಲಿ ಕೂರಿಸಿ ತಿಳಿಹೇಳುವ ಹೆಣ್ಣುಮಗಳು ನಿಖತ, ಈ ರೋಗ ತಾಟಿನಿಂದ, ಲೋಟದಿಂದ, ಮುಟ್ಟುವುದರಿಂದ, ಕೂಡಿ ಉಣ್ಣುವುದರಿಂದ ಬರುವುದಿಲ್ಲ ಎಂದು ಮೂರು ಸಲ ಬಿಡಿಸಿ ಹೇಳಿದಳು. ಗುರುಬಸವ್ವ ಮನೆಗೆ ಬಂದು ಸೊಟ್ಟ ತಾಟನ್ನು ಒಲೆಕಲ್ಲಿಗೆ ಇಟ್ಟು ಒರಳು ಗುಂಡಿನಿಂದ ಬಡಿದು ಅಂಚು ನೆಟ್ಟಗೆ ಮಾಡಿದರು, ತಾಟುಗಳ ಗುಡ್ಡೆಯಲ್ಲಿ ಸೇರಿಸಿಬಿಟ್ಟರು. ಮರುದಿನ ಅದು ಯಾರ ಮುಂದೆ ಬಂತೋ ಯಾರಿಗೂ ಗೊತ್ತಾಗಲಿಲ್ಲ. ತಪ್ಪಾಯಿತು ಎಂದು ಆಕೆ ಹೇಳಲಿಲ್ಲ. ಆ ಬಡಿದ ಸದ್ದನ್ನೇ ವಿದ್ಯಾವತಿ ತಪ್ಪೊಪ್ಪಿಗೆ ಎಂದುಕೊಂಡಳು.

ಆಮೇಲೆ ಗುಳಿಗೆ ಬಂತು. ದಿನಕ್ಕೆ ಒಂದು, ರಾತ್ರಿ ಮಲಗುವಾಗ, ಊಟವಾಗಿ ಎರಡು ತಾಸಿನ ಮೇಲೆ. ಒಂದು ದಿನವೂ ತಪ್ಪಿಸಬಾರದು. "ತಲಿ ಗಿರ್ರ್ ಅನ್ನತೈತ್ರಿ, ಚಿತ್ರವಿಚಿತ್ರ ಕನಸ ಬೀಳತಾವು, ಹೆದರಬ್ಯಾಡ್ರಿ" ಎಂದಿದ್ದಳು ನಿಖತ. ಮೊದಲ ವಾರವೇ ವಿದ್ಯಾವತಿ ಗುಳಿಗೆ ನುಂಗಿದ ಮೇಲೆ ಎಂದಿನಂತೆ ಸಂಗುವಿಗೆ ಬಿಸಿ ರೊಟ್ಟಿ ಮಾಡಲು ಒಲೆಯ ಮುಂದೆ ಕೂತಳು. ತಲೆ ಜೋಲಿ ಹೊಡೆಯಿತು, ಮುಂಗೈ ಹಂಚಿಗೆ ತಾಗಿತು. ಆ ಕಲೆ ಇಂದಿಗೂ ಜೋಳದ ಎಲೆಯ ಹಾಗೆ ಉದ್ದಕ್ಕೆ ಇದೆ. ಗುರುಬಸವ್ವ ಅಂದೇ ಕಟ್ಟಪ್ಪಣೆ ಮಾಡಿದರು.

"ಏಳಕ್ಕ ಉಣ್ಣು, ಒಂಬತ್ತಕ್ಕ ಗುಳಗಿ ತಗೋ. ಗುಳಗಿ ನುಂಗಿದ ಮ್ಯಾಲ ಒಲಿ ಮುಟ್ಟಬ್ಯಾಡ, ಮುಸುರಿ ಮುಟ್ಟಬ್ಯಾಡ. ಸುಮ್ಮ ಬೀಳು ಬೇ."

ಒಬ್ಬಳನ್ನೇ ಹೇಗೆ ಉಣ್ಣಲು ಕೂರಿಸುವುದು ಎಂದು ಮೊದಲ ದಿನ ಆಕೆಯೂ ಜೊತೆಗೆ ಕೂತರು. ಅಂದು ಆಕೆಗೆ ಅರವತ್ತೊಂದು ವರ್ಷ. ಮದುವೆಯಾದ ಮೇಲೆ ಹಂಚಿನಿಂದ ನೇರ ತಾಟಿಗೆ ಬಿದ್ದ ರೊಟ್ಟಿಯನ್ನು ಆಕೆ ತಿಂದದ್ದು ಅದೇ ಮೊದಲು. ಮೊದಲು ಮಾವ, ಆಮೇಲೆ ಗಂಡ, ಆಮೇಲೆ ಮಕ್ಕಳು. ಅವರೆಲ್ಲರೂ ಎದ್ದ ಮೇಲೆ ಬುಟ್ಟಿಯ ತಳದಲ್ಲಿ ಉಳಿದದ್ದು ಆಕೆಯ ಪಾಲು. ಮರುದಿನವೂ ಏಳಕ್ಕೆ ಕೂತರು. ಸೊಸೆಗೆ ಜೊತೆ ಬೇಕಲ್ಲ ಎಂದರು.

ಓಣಿಗೆ ಇದು ಕಾಣದೆ ಇರುತ್ತದೆಯೇ? ಎದುರುಮನೆಯ ಹಿರಿಯಾಕೆ ಒಂದು ಸಂಜೆ ಕಟ್ಟೆಯ ಮೇಲಿಂದಲೇ ಕೇಳಿದಳು.

"ಏನ್ರಿ ಗುರುಬಸವ್ವಕ್ಕ, ದೀಪಾ ಹಚ್ಚೂದ ತಡಾ, ನಿಮ್ಮ ದೊಡ್ಡ ಸೊಸಿ ಉಣ್ಣಾಕ ಕುಂಡ್ರತಾಳಲ್ಲ?"

"ನೇಮ ಹಿಡದಾಳ" ಎಂದರು ಗುರುಬಸವ್ವ, ರೋಗದ ಹೆಸರು ಹೇಳುವುದಕ್ಕಿಂತ ಅದು ಸುಲಭ ಎಂದು.

"ಯಾವ ದೇವರದ್ರಿ?"

"ಮನಿ ದೇವರದು."

"ಎಷ್ಟ ದಿನದ್ದು?"

"ಇರೂತನಕ."

ಓಣಿ ಬೆರಗಾಯಿತು. ಇರೂತನಕದ ನೇಮ ಹಿಡಿಯುವುದು ಸಣ್ಣ ಮಾತೇ? ವರ್ಷದೊಳಗೆ ಎದುರುಮನೆಯ ಸೊಸೆ ಸೋಮವಾರಕ್ಕೊಮ್ಮೆ ಅದೇ ನೇಮ ಹಿಡಿದಳು. ಅವಳ ಅತ್ತೆಯ ಮೊಣಕಾಲು ನೋವು ಕಡಿಮೆಯಾಯಿತಂತೆ. ಅದಾದ ಮೇಲೆ ಮೂಲೆಮನೆಯವಳು ಹಿಡಿದಳು. ನೋಡನೋಡುತ್ತ ಐದು ಮನೆಗಳಲ್ಲಿ ಏಳರ ನೇಮ ನಡೆಯಿತು. ಕಟ್ಟುಗಳೂ ತಪ್ಪದೆ ಒಬ್ಬರಿಂದೊಬ್ಬರಿಗೆ ದಾಟಿದವು: ಏಳಕ್ಕೆ ಬಿಸಿ ಊಟ, ಆಮೇಲೆ ಒಲೆ ಮುಟ್ಟಬಾರದು, ಮುಸುರೆ ಮುಟ್ಟಬಾರದು, ಒಂಬತ್ತಕ್ಕೆ ಮೈ ಚೆಲ್ಲಬೇಕು. ಈ ಕಟ್ಟುಗಳನ್ನು ಬರೆದದ್ದು ದೇವರಲ್ಲ, ದವಾಖಾನೆ ಎಂದು ಯಾರಿಗೂ ತಿಳಿಯದು. ಆ ಮನೆಗಳ ಗಂಡಸರೂ ಎದುರಾಡಲಿಲ್ಲ. ಹೆಂಡತಿ "ದಣಿವಾಗೈತಿ" ಎಂದಿದ್ದರೆ "ನಿಂದೇನ ದೊಡ್ಡ ದಣಿವು" ಎನ್ನುತ್ತಿದ್ದವರು, ದೇವರ ಹೆಸರು ಬಂದಾಗ ತಾವೇ ತಾಟು ತೊಳೆದಿಟ್ಟರು. ವಿದ್ಯಾವತಿ ಸೋಮವಾರ ಸಂಜೆ ಬಾಗಿಲಲ್ಲಿ ನಿಂತು, ಐದು ಮನೆಗಳಲ್ಲಿ ಐವರು ಹೆಣ್ಣುಮಕ್ಕಳು ಕಾಲು ಚಾಚಿ ಉಣ್ಣುತ್ತಿರುವುದನ್ನು ನೆನೆದು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಅವಳ ಮನೆಯಲ್ಲಿ ಮಾತ್ರ ಒಬ್ಬಳಿಗೆ ಈ ನೇಮ ಒದಗಲಿಲ್ಲ. ಅವಳು ಶಾಂಭವಿ, ಸಂಗುವಿನ ಹೆಂಡತಿ. ನಾನೂ ಸೋಮವಾರ ಹಿಡಿಯಲೇ ಎಂದು ಅವಳು ಒಮ್ಮೆ ಕೇಳಿದ್ದಳು. "ಒಂದ ಮನ್ಯಾಗ ಇಬ್ಬರು ಹಿಡದ್ರ ಸಂಗುಗ ಬಡಸವ್ರು ಯಾರಬೇ?" ಎಂದಿದ್ದರು ಗುರುಬಸವ್ವ. ಸಂಗು ದ್ರಾಕ್ಷಿ ಪಡಗಳಿಗೆ ಔಷಧಿ ಹೊಡೆಯುವ ಕೆಲಸದವನು. ಸಂಜೆ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಗೆಳೆಯರೊಡನೆ ಕೂತು, ಮನೆ ಸೇರುವುದು ಒಂಬತ್ತೂವರೆ. ಅವನಿಗೆ ರೊಟ್ಟಿ ಬಿಸಿ ಬೇಕು. ಅವನು ಉಂಡೆದ್ದ ಮೇಲೆ ಶಾಂಭವಿಯ ಊಟ, ಆಮೇಲೆ ಪಾತ್ರೆ. ಕೆಟ್ಟವನೇನಲ್ಲ ಸಂಗು. ಅಣ್ಣ ಸತ್ತಾಗ ಅತ್ತಿಗೆಯನ್ನು ತವರಿಗೆ ಕಳಿಸಿ ಎಂದ ನೆಂಟರಿಗೆ "ವೈನಿ ಎಲ್ಲೂ ಹೋಗೂದಿಲ್ಲ" ಎಂದವನೇ ಅವನು. ಆದರೆ ತಾಟು ತನ್ನ ಮುಂದೆ ಬರುವುದು ಮತ್ತು ತನ್ನ ಮುಂದಿನಿಂದ ಹೋಗುವುದು, ಇವೆರಡರ ನಡುವಿನದನ್ನು ಬಿಟ್ಟು ಅದರ ಮಿಕ್ಕ ಬಾಳು ಅವನಿಗೆ ಗೊತ್ತಿರಲಿಲ್ಲ.

ಒಂಬತ್ತು ವರ್ಷ ಹೀಗೆ ನಡೆಯಿತು. ವಿದ್ಯಾವತಿ ಮೈ ತುಂಬಿಕೊಂಡಳು. ಹಂಗಾಮಿನಲ್ಲಿ ಒಣದ್ರಾಕ್ಷಿ ಶೆಡ್ಡಿಗೆ ಹೋಗಿ ಹಣ್ಣು ಆರಿಸಿದಳು. ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ. ಮದುವೆಗೆ ಹೋದರೂ ಕುಪ್ಪಸದಲ್ಲಿ ಸಣ್ಣ ಡಬ್ಬಿ, ಒಂಬತ್ತಕ್ಕೆ ನೀರು. ಸಾವು ಬಾಗಿಲಲ್ಲಿ ಕೂತಿದೆ ಎಂದು ಮೊದಮೊದಲು ಹೆದರುತ್ತಿದ್ದವಳು, ಕೂತದ್ದು ಬೇಸತ್ತು ಎದ್ದುಹೋಯಿತೇನೋ ಎಂಬಂತೆ ಅದನ್ನು ಬರಬರುತ್ತ ಮರೆತಳು.

ಆರು ತಿಂಗಳ ಹಿಂದೆ ಗುಳಿಗೆ ಬದಲಾಯಿತು. ಹೊಸದು, ಇನ್ನೂ ಒಳ್ಳೆಯದು ಎಂದು ಕೊಟ್ಟರು. ಅವಳು ಅದನ್ನೂ ಒಂಬತ್ತಕ್ಕೇ ನುಂಗಿ ಕೌದಿಯ ಮೇಲೆ ಬಿದ್ದುಕೊಂಡಳು, ತಲೆ ತಿರುಗುವುದನ್ನು ಕಾಯುತ್ತ. ತಿರುಗಲಿಲ್ಲ. ಮರುದಿನವೂ ತಿರುಗಲಿಲ್ಲ. ಕಣ್ಣು ನಿಚ್ಚಳವಾಗಿ ತೆರೆದಿತ್ತು. ಬುದ್ಧಿ ಬಂದಾಗಿನಿಂದ ಎಚ್ಚರವಾಗಿದ್ದು ಏನೂ ಮಾಡದೆ ಇದ್ದ ಒಂದು ತಾಸು ಅವಳಿಗೆ ನೆನಪಿರಲಿಲ್ಲ. ಈಗ ಸಿಕ್ಕಿತು. ಅವಳು ಜಂತಿಯ ಗಂಟುಗಳನ್ನು ನೋಡಿದಳು. ಕನಮಡಿಯ ಗೆಳತಿಯರನ್ನು ಒಬ್ಬೊಬ್ಬರಾಗಿ ನೆನೆದಳು. ಕಿವಿಗೆ ವಯರು ಸಿಕ್ಕಿಸಿ ಮೊಬೈಲಿನಲ್ಲಿ ಹಳೆಯ ನಾಟಕ ಕೇಳಿದಳು. ಸುಖವೆನ್ನುವುದು ಇಷ್ಟು ಸಪ್ಪಳವಿಲ್ಲದೆ ಇರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಆದರೆ ಕಿವಿಯಿಂದ ವಯರು ತೆಗೆದಾಗ ಇನ್ನೊಂದು ಸದ್ದು ಕೇಳಿತು. ಹಿತ್ತಲಲ್ಲಿ ಶಾಂಭವಿ ಪಾತ್ರೆ ತಿಕ್ಕುತ್ತಿದ್ದಳು. ಮೊದಲು ಹಂಚು, ಆಮೇಲೆ ಪಲ್ಯದ ಬೋಗುಣಿ, ತಾಟುಗಳು, ಕೊನೆಗೆ ಹಾಲಿನ ಪಾತ್ರೆ. ನಡುನಡುವೆ ಒಂದು ಆಕಳಿಕೆ. ಒಂಬತ್ತು ವರ್ಷದಿಂದ ದಿನವೂ ಇದ್ದ ಸದ್ದು ಇದು. ಗುಳಿಗೆಯ ಮಂಪರಿನಲ್ಲಿ ವಿದ್ಯಾವತಿ ಒಂದು ದಿನವೂ ಕೇಳಿರಲಿಲ್ಲ.

ತನಗೆ ತಲೆ ತಿರುಗುತ್ತಿಲ್ಲ ಎಂದು ಅವಳು ಮನೆಯಲ್ಲಿ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಆರು ತಿಂಗಳು ನಾಳೆ ಎಂದಳು.

ಮೊನ್ನೆ ಬುಧವಾರ ವಿಜಯಪುರಕ್ಕೆ ಹೋಗುವ ದಿನ. ದವಾಖಾನೆಯ ಗುಳಿಗೆ ಕೊಡುವ ಕೋಣೆಯ ಮುಂದಿನ ಬೆಂಚಿನ ಮೇಲೆ ಆಶಾಬಿ ಆಗಲೇ ಬಂದು ಕೂತು ಪಕ್ಕದಲ್ಲಿ ಚೀಲವಿಟ್ಟು ಜಾಗ ಹಿಡಿದಿದ್ದಳು. ಆಶಾಬಿ ಬಬಲೇಶ್ವರದವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವಳೂ ಅವಳ ಗಂಡ ಬಾಬುಸಾಬನೂ ಇದೇ ಗುಳಿಗೆಯವರು. ಹತ್ತು ವರ್ಷದಿಂದ ಈ ಬೆಂಚಿನ ಮೇಲೆ ಬೆಳೆದ ಗೆಳೆತನ ಇಬ್ಬರದು.

"ಬಾ ಬೇ ತಿಕೋಟಾ. ಎಷ್ಟ ದಪ್ಪಾಗೀಯಲ್ಲ! ಗುಳಗಿ ನುಂಗತೀಯೋ, ದ್ರಾಕ್ಷಿ ನುಂಗತೀಯೋ?"

"ನೀನೇನ ಕಮ್ಮಿ ಅದೀ? ಬೆಂಚ ಅರ್ಧಾ ನಿಂದ ಆಗೇತಿ, ಸರಿ ಅತ್ತಾಗ."

ಆಶಾಬಿ ಸರಿದು ಕೂತು, ಚುರುಮುರಿಯ ಪೊಟ್ಟಣ ಬಿಚ್ಚಿದಳು. ವಿದ್ಯಾವತಿ ದನಿ ತಗ್ಗಿಸಿ ಕೇಳಿದಳು: "ಹೊಸಾ ಗುಳಗಿಗೆ ನಿನಗ ತಲಿ ತಿರುಗತೈತೇನ?"

"ಎಲ್ಲೀದಬೇ. ನಾನೂ ಹುಚ್ಚಿ, ಖುಷಿಲೆ ಮನ್ಯಾಗ ಹೇಳಿಬಿಟ್ಟೆ. ಆಮ್ಯಾಲ ಏನಾತ ಗೊತ್ತೇನ? ‘ಹಂಗಾದ್ರ ರಾತ್ರಿ ಮೊಮ್ಮಗಳನ್ನ ನೀನ ಮಲಗಸು’ ಅಂದ ನನ್ನ ಮಗ ಯುನುಸ. ಆ ಕೂಸು ಹನ್ನೊಂದರತನಕ ಕಣ್ಣ ಮುಚ್ಚೂದಿಲ್ಲ. ಮದಲಿನ ಗುಳಗಿನ ಚೊಲೋ ಇತ್ತು, ಹಾಸಿಗಿ ಮ್ಯಾಲ ರಾಣಿಯಂಗ ಬೀಳತಿದ್ದೆ. ನೀ ಹೇಳೀಯೇನ ಮತ್ತ?"

"ಇಲ್ಲ."

"ಹೇಳಬ್ಯಾಡ! ಹೇಳಿದಿ ಅಂದ್ರ ರಾತ್ರಿ ಭಾಂಡೆ ಎಲ್ಲಾ ನಿನ್ನ ಪಾಲಿಗೆ."

"ಹೇಳಲಿಲ್ಲ ಅಂದ್ರ ಶಾಂಭವಿ ಪಾಲಿಗೆ."

"ಆಕಿ ಸಣ್ಣಾಕಿ, ಮಾಡ್ಲಿ ತಗೋ" ಎಂದಳು ಆಶಾಬಿ. ಆಮೇಲೆ ಒಂದು ಕ್ಷಣ ಚುರುಮುರಿ ಅಗಿಯುವುದನ್ನು ನಿಲ್ಲಿಸಿ, "ನಾವೂ ಸಣ್ಣಾಕ್ಯಾರು ಇದ್ದಾಗ ಹಿಂಗ ಅಂದಿದ್ರಲ್ಲ" ಎಂದಳು.

ಅಷ್ಟರಲ್ಲಿ ವಿದ್ಯಾವತಿಯ ಸರದಿ ಬಂತು. ಒಳಗೆ ನಿಖತ ಕಾಗದ ಮುಂದಿಟ್ಟುಕೊಂಡು ನಗುತ್ತ ಕೂತಿದ್ದಳು.

"ರಿಪೋರ್ಟ ಭಾಳ ಚೊಲೋ ಬಂದೈತ್ರಿ. ರಕ್ತದಾಗ ವೈರಸ್ ಹುಡುಕಿದ್ರೂ ಸಿಗವಲ್ದು."

"ಹೋಗೇ ಬಿಡ್ತೇನ್ರಿ ಹಂಗಾದ್ರ?"

"ಹೋಗಿಲ್ಲರಿ, ಮಲಗೇತಿ. ಗುಳಗಿ ಬಿಟ್ರ ಏಳತೈತಿ. ಅದಕ್ಕ ಗುಳಗಿ ಮಾತ್ರ ಬಿಡಂಗಿಲ್ಲ. ಈ ಹೊಸಾದಕ್ಕ ಊಟದ ಕಟ್ಟೂ ಇಲ್ರಿ. ಉಂಡ ತಗೋರಿ, ಉಣ್ಣದ ತಗೋರಿ. ಮುಂಜಾನೆ ಬೇಕಂದ್ರ ಮುಂಜಾನೆ, ರಾತ್ರಿ ಬೇಕಂದ್ರ ರಾತ್ರಿ. ದಿನಾ ಒಂದ ಹೊತ್ತಿಗೆ ಆದ್ರ ಆತು."

ವಿದ್ಯಾವತಿ ಬಾಗಿಲ ಕಡೆ ನೋಡಿ, ಹತ್ತು ವರ್ಷದಿಂದ ಕೇಳದೆ ಇಟ್ಟುಕೊಂಡಿದ್ದ ಮಾತು ಕೇಳಿದಳು. "ನಾ ಎಷ್ಟ ದಿನಾ ಇರತೇನ್ರಿ?"

"ನಿಮ್ಮ ಅತ್ತಿಯವರು ಹೆಂಗದಾರ?"

"ಗಟ್ಟಿ ಅದಾರ. ಎಪ್ಪತ್ತ ದಾಟೇತಿ."

"ನೀವೂ ಅಷ್ಟ ಮುದುಕಿ ಆಗಾಕ ಏನೂ ಅಡ್ಡಿ ಇಲ್ರಿ. ಎಲ್ಲಾರ ಹಂಗ ಬಿಪಿ ನೋಡಕೋರಿ, ಸಕ್ಕರಿ ನೋಡಕೋರಿ. ಚಹಾದಾಗ ಒಂದ ಚಮಚಾ ಕಡಿಮಿ ಮಾಡ್ರಿ."

ತಿಕೋಟಾದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಇಟ್ಟಂಗಿಹಾಳದ ಕಡೆ ತಿರುಗುವ ದಾರಿ ದಾಟುವವರೆಗೂ ವಿದ್ಯಾವತಿ ಮುದುಕಿಯಾಗುವುದನ್ನೇ ಯೋಚಿಸಿದಳು. ಅದೊಂದು ಅವಳು ಎಂದೂ ಬಯಸಿರದ ಆಭರಣ. ಈಗ ಯಾರೋ ಕೊರಳಿಗೆ ಹಾಕಿದ ಹಾಗಾಗಿತ್ತು. ಇನ್ನೂ ಮೂವತ್ತು ವರ್ಷ! ಮೂವತ್ತು ವರ್ಷ ಏಳಕ್ಕೆ ಉಣ್ಣಬಹುದು. ಅಥವಾ ಮೂವತ್ತು ವರ್ಷ ರಾತ್ರಿ ಪಾತ್ರೆ ತಿಕ್ಕಬಹುದು.

ಸ್ವಲ್ಪ ದಿನದವಳು ಎಂದುಕೊಂಡಿದ್ದಾಗ ಮನೆಯವರು ಅವಳಿಗೆ ಒಂದು ಹೊತ್ತು ಬಿಟ್ಟುಕೊಟ್ಟಿದ್ದರು. ಎಲ್ಲರಂತೆ ಬಾಳುವವಳು ಎಂದಾದ ಮೇಲೆ ಎಲ್ಲರಂತೆ ದುಡಿಯುವುದೂ ಬರುತ್ತದೆ. ಓಣಿಯ ಹೆಣ್ಣುಮಕ್ಕಳಿಗೆ ದೇವರ ಹೆಸರಿನಲ್ಲಿ ವಾರಕ್ಕೆ ಒಂದು ಸಂಜೆ ಸಿಕ್ಕಿತು. ತನಗೆ ರೋಗದ ಹೆಸರಿನಲ್ಲಿ ಏಳೂ ಸಂಜೆ ಸಿಕ್ಕವು. ಶಾಂಭವಿಗೆ ದೇವರೂ ಒದಗಲಿಲ್ಲ, ರೋಗವೂ ಇರಲಿಲ್ಲ. ಹಾಗಾಗಿ ಅವಳಿಗೆ ಊಟದ ಹೊತ್ತೇ ಇರಲಿಲ್ಲ.

ಹೇಳಿದರೆ ನನಗೆ, ಹೇಳದಿದ್ದರೆ ಅವಳಿಗೆ. ಬಸ್ಸು ಕುಲುಕಿದ ಹಾಗೆ ಈ ಮಾತೂ ಅತ್ತ ಇತ್ತ ಕುಲುಕಿತು. ದಾರಿಯ ಎರಡೂ ಕಡೆ ದ್ರಾಕ್ಷಿ ಪಡಗಳು ಓಡುತ್ತಿದ್ದವು. ಒಂದು ಪಡದಲ್ಲಿ ಯಾರೋ ಔಷಧಿ ಹೊಡೆದು ಮುಗಿಸಿ, ಡ್ರಮ್ಮು ತಾನೇ ತೊಳೆದು ಬೋರಲು ಹಾಕುತ್ತಿದ್ದ. ವಿದ್ಯಾವತಿ ಅದನ್ನು ಬಸ್ಸು ದಾಟುವವರೆಗೂ ಕತ್ತು ತಿರುಗಿಸಿ ನೋಡಿದಳು. ಸಂಗುವೂ ಹಾಗೇ ಮಾಡುತ್ತಾನೆ. ದಿನವೂ ಡ್ರಮ್ಮು ತಿಕ್ಕಿ, ಪೈಪು ತೊಳೆದು, ಒಣಗಿಸಿ ಇಟ್ಟು ಬರುತ್ತಾನೆ. ಡ್ರಮ್ಮು ತೊಳೆಯುವ ಕೈಗೆ ತಾಟು ತೊಳೆಯಲು ಬರುವುದಿಲ್ಲವೇ? ಆರು ತಿಂಗಳಿಂದ ತಾನು ಇಬ್ಬರು ಹೆಂಗಸರ ಕೈಗಳನ್ನಷ್ಟೇ ತೂಗಿ ನೋಡುತ್ತಿದ್ದೆ, ಆ ಒಂಬತ್ತೂವರೆಯ ಬಿಸಿ ರೊಟ್ಟಿಯನ್ನು ಸೂರ್ಯ ಚಂದ್ರರ ಹಾಗೆ ಇದ್ದದ್ದು ಇರಲಿ ಎಂದು ಬಿಟ್ಟಿದ್ದೆ ಎಂದು ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಪಕ್ಕದ ಸೀಟಿನವಳು ಏನೆಂದು ತಿರುಗಿ ನೋಡಿದಳು.

ಮನೆಗೆ ಬಂದು ಎಮ್ಮೆ ಹಿಂಡಿ, ರೊಟ್ಟಿ ಬಡಿದಳು. ಅಂದು ನಾಲ್ಕು ರೊಟ್ಟಿ ಹೆಚ್ಚು ಬಡಿದು ಅರಿವೆಯಲ್ಲಿ ಸುತ್ತಿಟ್ಟಳು. ಏಳಕ್ಕೆ ಶಾಂಭವಿಯ ಮಕ್ಕಳಿಬ್ಬರಿಗೂ ತಾಟು ಇಟ್ಟು ಕೂರಿಸಿದಳು. ಗುರುಬಸವ್ವ ಎಂದಿನಂತೆ ತಮಗೂ ಅವಳಿಗೂ ಎರಡು ತಾಟು ತೆಗೆದರು. ವಿದ್ಯಾವತಿ ಎದ್ದು ಹೋಗಿ ಮೂರನೆಯದನ್ನು ತಂದಿಟ್ಟಳು.

"ಯಾರ ಬರಾವ್ರ ಅದಾರ?" ಎಂದರು ಅತ್ತೆ.

"ಶಾಂಭವೀ, ಬಾ, ಕುಂಡ್ರು."

"ಅಕ್ಕಾ, ಅವರಿನ್ನೂ ಬಂದಿಲ್ಲಲ್ಲ" ಎಂದು ಶಾಂಭವಿ ಒಲೆಯ ಹತ್ತಿರವೇ ನಿಂತಳು.

ಅವಳು ಹಾಗೆನ್ನುವಾಗಲೇ ಅಂಗಳದಲ್ಲಿ ಸಂಗುವಿನ ಗಾಡಿ ನಿಂತಿತು. ಅತ್ತಿಗೆ ದವಾಖಾನೆಗೆ ಹೋಗಿಬಂದ ದಿನ ಮಾತ್ರ ಅವನು ಚಹಾದಂಗಡಿ ಬಿಟ್ಟು ಬೇಗ ಬರುವುದು ರೂಢಿ. ಒಳಗೆ ಬಂದವನೇ ಚಪ್ಪಲಿ ಸಹ ಬಿಡದೆ ಕೇಳಿದ: "ವೈನಿ, ಏನಂದ್ರು?"

ವಿದ್ಯಾವತಿ ಎಲ್ಲವನ್ನೂ ಹೇಳಿದಳು. ವೈರಸ್ ಸಿಗದ್ದು, ಮುದುಕಿಯಾಗುವುದು, ಸಕ್ಕರೆ ಒಂದು ಚಮಚ ಕಡಿಮೆ ಮಾಡುವುದು. ಹೊಸ ಗುಳಿಗೆಗೆ ಊಟದ ಕಟ್ಟಿಲ್ಲ ಎನ್ನುವುದನ್ನೂ, ಆರು ತಿಂಗಳಿಂದ ತನಗೆ ತಲೆ ತಿರುಗುತ್ತಿಲ್ಲ ಎನ್ನುವುದನ್ನೂ ಮುಚ್ಚಲಿಲ್ಲ. ಸಂಗುವಿನ ಮುಖ ಅರಳಿತು.

"ಭಾಳ ಚೊಲೋ ಆತು ವೈನಿ! ಅಂದ್ರ ಇನ್ನ ಏಳಕ್ಕ ಹಿಂಗ ಬ್ಯಾರೆ ಕುಂತ ಉಣ್ಣೂದು ತಪ್ಪಿತು. ರಾತ್ರಿ ಎಲ್ಲಾರ ಕೂಡ ಉಣ್ಣಬಹುದಲ್ಲ."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಇಷ್ಟು ವರ್ಷ ಅತ್ತಿಗೆಯನ್ನು ಒಂದು ಬದಿಗೆ ಕೂರಿಸಿದ್ದೇವೆ ಎಂದು ಒಳಗೊಳಗೇ ನೊಂದುಕೊಂಡಿದ್ದ ಅವನು. ಈಗ ಆ ನೋವು ಹರಿಯಿತು ಎಂದು ಹಿಗ್ಗಿದ್ದ. ಶಾಂಭವಿ ನೆಲ ನೋಡಿದಳು. ಗುರುಬಸವ್ವನ ಕೈಯಲ್ಲಿದ್ದ ರೊಟ್ಟಿ ತಾಟಿಗೂ ಬುಟ್ಟಿಗೂ ನಡುವೆ ನಿಂತಿತು. ಹತ್ತಕ್ಕೆ ಉಣ್ಣುವುದು ಎಂದರೆ ಏನೆಂದು ಆ ಮೂವರು ಹೆಂಗಸರಲ್ಲಿ ಆಕೆಗೇ ಹೆಚ್ಚು ಗೊತ್ತಿತ್ತು.

"ಹಂಗ ಬಿಡಾಕ ಬರೂದಿಲ್ಲೋ ಯಪ್ಪಾ" ಎಂದರು ಆಕೆ ಅವಸರದಲ್ಲಿ. "ಓಣಿಗೆಲ್ಲಾ ಗೊತ್ತೈತಿ, ನೇಮ ಐತಿ. ಇರೂತನಕದ್ದು. ಅಲ್ಲೇನಬೇ ವಿದ್ಯಾ?"

ಹೂಂ ಎಂದಿದ್ದರೆ ಸಾಕಾಗಿತ್ತು. ದೇವರು ಬಾಗಿಲಲ್ಲೇ ನಿಂತಿದ್ದ, ಕರೆದರೆ ಒಳಗೆ ಬರುತ್ತಿದ್ದ. ದವಾಖಾನೆಯವರು ಹೇಳಿದ್ದಾರೆ ಎಂದು ಒಂದು ಸುಳ್ಳು ಸೇರಿಸಿದ್ದರೂ ಯಾರೂ ವಿಜಯಪುರಕ್ಕೆ ಹೋಗಿ ಕೇಳುತ್ತಿರಲಿಲ್ಲ. ಅತ್ತೆ ಕಣ್ಣಲ್ಲೇ ಅವಳಿಗೆ ಹೂಂ ಎನ್ನು ಎನ್ನುತ್ತಿದ್ದರು. ಆದರೆ ಆ ಹೂಂ ಮೂರನೆಯ ತಾಟಿಗೆ ದಾರಿ ಮಾಡುತ್ತಿರಲಿಲ್ಲ. ಅದು ಅವಳೊಬ್ಬಳಿಗೇ ಗೊತ್ತಿತ್ತು.

"ನೇಮ ಅಲ್ಲ ಅತ್ತಿ" ಎಂದಳು ವಿದ್ಯಾವತಿ. "ದವಾಖಾನ್ಯಾಗೂ ಹೇಳಿಲ್ಲ. ನಾನ ಹೇಳಾಕತ್ತೇನಿ. ನಾವು ಮೂವರೂ ಏಳಕ್ಕ ಉಣ್ಣತೇವಿ. ಎಂಟೂವರಿಯೊಳಗ ನಾನೂ ಶಾಂಭವಿನೂ ಕೂಡಿ ಭಾಂಡೆ ತಿಕ್ಕಿ ಇಡತೇವಿ. ಸಂಗು, ನಿನ್ನ ರೊಟ್ಟಿ ಅರಿವ್ಯಾಗ ಸುತ್ತಿ ಇಟ್ಟಿರತೇವಿ, ಪಲ್ಯಾ ಮುಚ್ಚಿ ಇಟ್ಟಿರತೇವಿ. ಬೇಗ ಬಂದ್ರ ನಮ್ಮ ಕೂಡ ಬಿಸೀದ ಉಣ್ಣು. ತಡಾ ಆದ್ರ ನೀನ ಹಾಕ್ಕೊಂಡ ಉಣ್ಣು, ತಾಟ ತೊಳದ ಇಡು. ಡ್ರಮ್ಮಿಗಿಂತ ತಾಟ ಸಣ್ಣದೈತಿ."

ಮಕ್ಕಳಲ್ಲಿ ದೊಡ್ಡವಳು ಕಿಸಕ್ಕೆಂದಳು. ಸಂಗು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಕೆಳಗೆ ನೋಡಿ ತಾನಿನ್ನೂ ಚಪ್ಪಲಿಯಲ್ಲೇ ನಿಂತಿದ್ದೇನೆಂದು ಕಂಡುಕೊಂಡ. ಬಿಡಲೆಂದು ಹೊರಗೆ ಹೋದ. ಒಳಗೆ ಬಂದು ಕೂರುತ್ತಾನೋ, ಗಾಡಿ ತಿರುಗಿಸಿ ಚಹಾದಂಗಡಿಗೆ ಹೋಗುತ್ತಾನೋ, ಒಳಗಿನವರಿಗೆ ತಿಳಿಯದು. ಶಾಂಭವಿ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟು ನಿಂತಳು. ಗುರುಬಸವ್ವ ನಡುವೆ ನಿಂತಿದ್ದ ರೊಟ್ಟಿಯನ್ನು ಮೆಲ್ಲಗೆ ತಮ್ಮ ತಾಟಿಗೇ ಹಾಕಿಕೊಂಡರು.

ಎದ್ದು ಹೋಗಿ ಮೈದುನನನ್ನು ಸಮಾಧಾನ ಮಾಡಿ ಕರೆತರುವುದು ವಿದ್ಯಾವತಿಗೆ ಬಾರದ ಕೆಲಸವಲ್ಲ. ಇಪ್ಪತ್ತಮೂರು ವರ್ಷ ಅದನ್ನೂ ಮಾಡಿದ್ದಳು. ಹೊರಗಿನ ಸದ್ದಿಗೆ ಒಂದು ಗಳಿಗೆ ಕಿವಿಗೊಟ್ಟಳು. ಆಮೇಲೆ ಬುಟ್ಟಿಯಿಂದ ಒಂದು ಬಿಸಿ ರೊಟ್ಟಿ ತೆಗೆದು ಮೂರನೆಯ ತಾಟಿಗೆ ಹಾಕಿದಳು, ಬೆಣ್ಣೆ ಇಟ್ಟಳು, ಗೋಡೆಗೆ ಬೆನ್ನು ಹಚ್ಚಿ ಕಾಲು ಚಾಚಿ ಕೂತು, ತನ್ನ ರೊಟ್ಟಿ ಮುರಿದಳು.